ಅಂಗಗಳ ಹೆಸರು, ಅಂಗಗಳ ಅರಿವು

ಚಾಮರಾಜನಗರ ತಾಲ್ಲೂಕಿನಲ್ಲಿ ಮಲೆಯೂರೆಂಬ ಗ್ರಾಮವೊಂದುಂಟು. ಅದರ ಬಳಿಯ ಬೆಟ್ಟವನ್ನು ಜೈನರು ಕನಕಗಿರಿಯೆಂದು ಕರೆದು, ಪಾರ್ಶ್ವನಾಥನ ಬಸದಿಯನ್ನೂ ಬಂಡೆಗಳ ಮೇಲಣ ಶಾಸನಗಳನ್ನೂ ಬಹುಕಾಲದಿಂದ ಕಾಪಾಡಿಕೊಂಡು ಬಂದಿದ್ದಾರೆ. ಜೈನೇಂದ್ರ ವ್ಯಾಕರಣದ ಕರ್ತೃವಾದ ಪೂಜ್ಯಪಾದಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂಬುದು ಆ ಸ್ಥಳದ ಐತಿಹ್ಯ. ವೈಯಾಕರಣನೊಬ್ಬನನ್ನು ಬೆಟ್ಟವೊಂದು ನೆನೆಯುವುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಇದೇ ಪೂಜ್ಯಪಾದರನ್ನು ಕನ್ನಡನಾಡಿನ ವೈದ್ಯಪರಂಪರೆಯೂ ತನ್ನ ಮೂಲಪುರುಷರಲ್ಲಿ ಒಬ್ಬರೆಂದು ಎಣಿಸಿಕೊಂಡಿದೆ. ರಾಷ್ಟ್ರಕೂಟರ ಕಾಲದಲ್ಲಿ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ಬರೆದ ಉಗ್ರಾದಿತ್ಯನು, ತನಗಿಂತ ಹಿಂದಿನ ಆಚಾರ್ಯರನ್ನು ಹೆಸರಿಸುವಾಗ, ಕಣ್ಣು ಕಿವಿ ಮೂಗು ಶಿರಸ್ಸುಗಳ ಚಿಕಿತ್ಸೆಯಾದ ಶಾಲಾಕ್ಯವನ್ನು ಪೂಜ್ಯಪಾದರ ಹೆಸರಿಗೆ ಒಪ್ಪಿಸುತ್ತಾನೆ, 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರದೆಂದು ಪ್ರಸಿದ್ಧವಾಗಿದ್ದ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು, 14ನೆಯ ಶತಮಾನದಲ್ಲಿ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ಮಂಗರಾಜನೂ ಆ ಹೆಸರನ್ನು ಭಕ್ತಿಯಿಂದ ಸ್ಮರಿಸುತ್ತಾನೆ. ವ್ಯಾಕರಣದ ಪೂಜ್ಯಪಾದರೂ ವೈದ್ಯದ ಪೂಜ್ಯಪಾದರೂ ಒಬ್ಬರೇ ಹೌದೋ ಅಲ್ಲವೋ ಎಂಬ ವಿವಾದ ವಿದ್ವಾಂಸರಿಗಿರಲಿ. ಕನಕಗಿರಿಯವನೇ ಆಗಿ, ಕರ್ನಲ್ ಮೆಕೆಂಜಿಗೆ ಈ ಸೀಮೆಯ ಸ್ಥಳವೃತ್ತಾಂತಗಳನ್ನು ಒದಗಿಸಿಕೊಟ್ಟು, ಕಡೆಗೆ ‘ರಾಜಾವಳೀ ಕಥೆ’ಯನ್ನು ಬರೆದ ದೇವಚಂದ್ರನಂಥವರಿಗೆ ಆ ಸಂಶಯವೇ ಹುಟ್ಟಲಿಲ್ಲ. ಶಬ್ದದ ದೋಷವನ್ನು ಕಳೆಯಬಲ್ಲವನು ಶರೀರದ ದೋಷವನ್ನೂ ಕಳೆಯಬಲ್ಲನೆಂಬುದು ನಮ್ಮ ಪೂರ್ವಿಕರಿಗೆ ಸಹಜವಾಗಿಯೇ ತೋರಿತು. ಪತಂಜಲಿಯನ್ನು ಕುರಿತು ದೇಶವೆಲ್ಲ ನಂಬಿದ್ದೂ ಇದನ್ನೇ ಅಲ್ಲವೆ?

ಈ ನಂಬಿಕೆಯ ಒಡಲಲ್ಲಿರುವ ಪ್ರಶ್ನೆ ಇಂದಿಗೂ ತೀರಿಲ್ಲ. ಕುದೇರಿನಿಂದಲೋ ಸಂತೇಮರಹಳ್ಳಿಯಿಂದಲೋ ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರಿಂದಲೋ ಹೊರಟು ಶುಶ್ರೂಷಾವಿದ್ಯೆಯನ್ನು ಕಲಿಯಲು ಸೇರುವ ಹೆಣ್ಣುಮಗಳಿಗೆ, ಮೊದಲನೆಯ ವರ್ಷದಲ್ಲಿಯೇ ಅಂಗರಚನಾಶಾಸ್ತ್ರ, ಅಂಗಕ್ರಿಯಾಶಾಸ್ತ್ರ ಎಂಬ ಎರಡು ವಿದ್ಯೆಗಳು ಎದುರಾಗುತ್ತವೆ. ಎರಡಕ್ಕೂ ಬಾಗಿಲಲ್ಲಿ ನಿಂತಿರುವುದು ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳಿಂದ ಕಟ್ಟಿದ ಪರಿಭಾಷೆ. ಆ ಪರಿಭಾಷೆಯನ್ನು ಬೇರೆಯಾಗಿ, ಮುಂಚಿತವಾಗಿ ಅಭ್ಯಾಸಮಾಡಿದವಳಿಗೆ ಶರೀರದ ವಿದ್ಯೆ ಸುಲಭವಾಗುವುದೆ, ಅಥವಾ ಅದು ಶರೀರವನ್ನು ನೋಡುವ ಮುನ್ನ ತಲೆಗೇರಿಸಿಕೊಂಡ ಇನ್ನೊಂದು ಹೊರೆಯಾಗುವುದೆ? ಇದನ್ನು ಬೋಧನಕ್ರಮದ ಪ್ರಶ್ನೆಯೆಂದು ಅಧ್ಯಾಪಕರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಹೆಸರನ್ನು ಮೊದಲು ಕಲಿಸಿ ವಸ್ತುವನ್ನು ಆಮೇಲೆ ತೋರಿಸುವ, ಅಥವಾ ತೋರಿಸದೆಯೇ ಬಿಡುವ ಪದ್ಧತಿಯನ್ನು ಈ ನಾಡು ಅನೇಕ ಶತಮಾನಗಳ ಕಾಲ ನಡಸಿ ನೋಡಿದೆಯಾದ್ದರಿಂದ, ಚರಿತ್ರೆಗೂ ಇಲ್ಲಿ ಹೇಳಬೇಕಾದ ಮಾತು ಸ್ವಲ್ಪ ಉಂಟು.

ಸರಕಾರದ ಶಾಲೆಗಳು ಹಳ್ಳಿಗಳಿಗೆ ಬರುವುದಕ್ಕೆ ಮುಂಚೆ ಹಳೆಯ ಮೈಸೂರಿನ ಸೀಮೆಯಲ್ಲಿ ಅಕ್ಷರವನ್ನು ಕಲಿಸುತ್ತಿದ್ದುದು ಕೂಲಿಮಠಗಳು. ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರವನ್ನು ಸಾಧಿಸಿಕೊಂಡ ಹುಡುಗನು, ಸ್ವಲ್ಪ ಮುಂದುವರಿದನೆಂದರೆ, ಮಠದ ಉಪಾಧ್ಯಾಯರಾದ ಐಗಳ ಬಾಯಿಂದ ಅಮರಕೋಶವನ್ನು ಕೇಳಿ ಕಂಠಪಾಠ ಮಾಡಬೇಕಾಗಿತ್ತು. ಆ ಕೋಶದ ಎರಡನೆಯ ಕಾಂಡದಲ್ಲಿ ಮನುಷ್ಯವರ್ಗವೆಂಬುದೊಂದಿದೆ. ಬಂಧುತ್ವದ ಹೆಸರುಗಳು, ವಯೋಭೇದದ ಹೆಸರುಗಳು, ರೋಗಗಳು, ವೈದ್ಯನ ಪರ್ಯಾಯನಾಮಗಳು, ಆಮೇಲೆ ಅಂಗುಷ್ಠದಿಂದ ಕಪಾಲದವರೆಗೆ ಒಡಲಿನ ಹೊರಗಣ ಒಳಗಣ ಅವಯವಗಳು, ಕೊನೆಗೆ ಆ ಒಡಲಿಗೆ ತೊಡಿಸುವ ಆಭರಣಗಳು, ಹೀಗೆ ಅದು ಒಂದು ಲೋಕವನ್ನೇ ಶ್ಲೋಕಗಳಲ್ಲಿ ಹೆಣೆದು ನಿಲ್ಲಿಸುತ್ತದೆ. ಸಂಸ್ಕೃತದ ಅರ್ಥ ತಿಳಿಯದವರಿಗಾಗಿ ನಾಚಿರಾಜನು ಕನ್ನಡ ವ್ಯಾಖ್ಯಾನವನ್ನೂ ಬರೆದಿಟ್ಟಿದ್ದನು. ಹತ್ತು ಹನ್ನೆರಡು ವರ್ಷದ ಬಾಲಕನು ಯಕೃತ್ತಿಗೆ ಕಾಲಖಂಡವೆಂಬ ಇನ್ನೊಂದು ಹೆಸರುಂಟೆಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನಾಗಿದ್ದನು. ಅದು ಒಡಲಿನ ಬಲಗಡೆಯೋ ಎಡಗಡೆಯೋ ಎಂದು ಕೇಳಿದರೆ ಮೌನ. ಇದಕ್ಕಾಗಿ ಹುಡುಗನನ್ನೂ ಐಗಳನ್ನೂ ಜರೆಯುವುದು ನ್ಯಾಯವಲ್ಲ. ಕಾವ್ಯವನ್ನು ಓದುವವನಿಗೆ ಶಬ್ದಸಂಪತ್ತಿಯನ್ನು ಕೂಡಿಸಿಕೊಡುವುದು ಆ ಪಾಠದ ಉದ್ದೇಶವೇ ಹೊರತು ರೋಗಿಯ ಪಕ್ಕೆಯನ್ನು ಮುಟ್ಟಿ ನೋಡಿಸುವುದಲ್ಲ.

ಆದರೂ ಆ ಪಾಠದಿಂದ ನಮ್ಮ ವೈದ್ಯಪರಿಭಾಷೆಗೆ ಬಂದ ಫಲಗಳು ವಿಚಿತ್ರವಾದುವು. ಅಮರಕೋಶದ ಕರ್ತೃವಾದ ಅಮರಸಿಂಹನು ಗುಲ್ಮವನ್ನೂ ಪ್ಲೀಹವನ್ನೂ ಒಂದೇ ಅವಯವದ ಎರಡು ಹೆಸರುಗಳೆಂದು ಕೊಟ್ಟಿದ್ದಾನೆ. ಚರಕಾದಿಗಳಲ್ಲಾದರೋ ಪ್ಲೀಹವು ಅವಯವ, ಗುಲ್ಮವು ಹೊಟ್ಟೆಯಲ್ಲಿ ಗಂಟುಕಟ್ಟುವ ರೋಗ; ಅದರಲ್ಲಿ ಐದು ಬಗೆ, ಒಂದು ಬಗೆ ಸ್ತ್ರೀಯರಿಗೆ ಮಾತ್ರ ಬರುವಂಥದು. ನಮ್ಮ ಕಾಲದ ಕನ್ನಡ ವಿಜ್ಞಾನಪಾಠಗಳು ಎಡಪಕ್ಕೆಯ ಮರೆಯಲ್ಲಿರುವ ಆ ಅವಯವವನ್ನು ಗುಲ್ಮವೆಂದೇ ಕರೆದು, ತಿಳಿದೋ ತಿಳಿಯದೆಯೋ, ವೈದ್ಯರನ್ನು ಬಿಟ್ಟು ಕೋಶಕಾರನ ಪಕ್ಷವನ್ನು ವಹಿಸಿದುವು. ಹೀಗಾಗಿ ಆಯುರ್ವೇದವನ್ನು ಕಲಿತವನೂ ಪ್ರೌಢಶಾಲೆಯ ಪಾಠವನ್ನು ಕಲಿತವನೂ ಒಂದೇ ಶಬ್ದವನ್ನು ಹಿಡಿದು ಎರಡು ವಸ್ತುಗಳನ್ನು ತೋರಿಸುತ್ತಾರೆ. ಇವರಿಬ್ಬರಿಗಿಂತಲೂ ನಿರಕ್ಷರಿಯಾದ ರೈತನ ಮಾತು ಹೆಚ್ಚು ನೇರವಾಗಿತ್ತೆಂದು ನನಗೆ ತೋರುತ್ತದೆ. ಮಲೇರಿಯಾ ಜ್ವರ ಮೇಲಿಂದ ಮೇಲೆ ಬಂದವರಿಗೆ ಈ ಅವಯವವು ಊದಿಕೊಂಡು ಎಡಪಕ್ಕೆಯ ಕೆಳಗೆ ಕೈಗೆ ಸಿಕ್ಕುತ್ತದೆ. ಇದನ್ನು ಜನ ಜ್ವರಗಡ್ಡೆಯೆಂದರು. ಯಾವ ಕೋಶವನ್ನೂ ಓದದೆ, ಕೈಯಿಂದ ಮುಟ್ಟಿ, ಜ್ವರದೊಡನೆ ಅದಕ್ಕಿರುವ ಸಂಬಂಧವನ್ನೂ ಗುರುತಿಸಿ ಇಟ್ಟ ಹೆಸರು ಅದು.

ಕ್ಲೋಮದ ಗತಿ ಇನ್ನೂ ಶೋಚನೀಯ. ಸಂಹಿತೆಗಳು ಅದನ್ನು ಹೃದಯದ ನೆರೆಯ ಅವಯವಗಳೊಡನೆ ಎಣಿಸಿವೆ. ಅಮರಕೋಶವು ಅದಕ್ಕೆ ತಿಲಕವೆಂಬ ಪರ್ಯಾಯವನ್ನು ಕೊಟ್ಟು ಮುಂದೆ ಸಾಗಿದೆ. ತಲೆಮಾರಿನಿಂದ ತಲೆಮಾರಿಗೆ ಶಿಷ್ಯರು ಆ ಹೆಸರನ್ನು ಒಂದಕ್ಷರವೂ ತಪ್ಪದೆ ಕಾಪಾಡಿದರು. ಆದರೆ ಶರೀರವನ್ನು ಛೇದಿಸಿ ನೋಡುವ ಪದ್ಧತಿ ನಿಂತುಹೋದ ಮೇಲೆ ಆ ಹೆಸರಿನ ವಸ್ತು ಯಾವುದೆಂಬುದು ಮರೆತುಹೋಯಿತು. ಮೇದೋಜೀರಕ ಗ್ರಂಥಿಯೆಂದು ಕೆಲವರು, ಪಿತ್ತಕೋಶವೆಂದು ಕೆಲವರು, ಬಲಗಡೆಯ ಶ್ವಾಸಕೋಶವೆಂದು ಕೆಲವರು, ಶ್ವಾಸನಾಳವೆಂದು ಮತ್ತೆ ಕೆಲವರು ವಾದಿಸಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಹೆಸರು ಅಕ್ಷತವಾಗಿ ಉಳಿದು ಅವಯವವೇ ಕಾಣೆಯಾದ ಇಂಥ ಉದಾಹರಣೆಯನ್ನು ಕಂಡ ಮೇಲೆ, ಪರಿಭಾಷೆಯೊಂದನ್ನೇ ಕಲಿತರೆ ಶರೀರವು ತಾನಾಗಿ ತಿಳಿಯುವುದೆಂದು ಹೇಳುವವರಿಗೆ ಧೈರ್ಯ ಸಾಲದು.

ಸುಶ್ರುತನಿಗೆ ಈ ಅಪಾಯ ಗೊತ್ತಿತ್ತು. ಶಾಸ್ತ್ರದಿಂದ ತಿಳಿದುದೂ ಕಣ್ಣಾರ ಕಂಡುದೂ ಒಟ್ಟುಗೂಡಿದಾಗಲೇ ಜ್ಞಾನವು ಬೆಳೆಯುವುದೆಂದು ಶಾರೀರಸ್ಥಾನದಲ್ಲಿ ಹೇಳಿ, ಕಾಣುವ ಕ್ರಮವನ್ನೂ ಅವನು ವಿಧಿಸಿದ್ದಾನೆ: ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ, ಅತಿವೃದ್ಧನೂ ಅಲ್ಲದವನ ದೇಹವನ್ನು ಆಯ್ದು, ಮುಂಜಿಯೇ ಮೊದಲಾದ ಹುಲ್ಲಿನಿಂದ ಸುತ್ತಿ, ಪಂಜರದೊಳಗಿರಿಸಿ, ಹರಿಯುವ ನೀರಿನಲ್ಲಿ ಮರೆಯಾದ ಸ್ಥಳದಲ್ಲಿ ಏಳು ರಾತ್ರಿ ಬಿಟ್ಟು, ಮೆತ್ತಗಾದ ಮೇಲೆ ಲಾವಂಚದ ಬೇರು ಮೊದಲಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಹಿಡಿದು ಒಳಗಣ ಪ್ರತಿಯೊಂದನ್ನೂ ನೋಡತಕ್ಕದ್ದು. ಅವನು ಎಣಿಸಿದ ಮೂಳೆಗಳು 300. ಚರಕನ ಲೆಕ್ಕ 360. ಇಂದಿನ ಶಾಸ್ತ್ರ ಪ್ರಾಪ್ತವಯಸ್ಕನಲ್ಲಿ ಎಣಿಸುವುದು 206. ಈ ಅಂತರವನ್ನು ಕಂಡು ನಗುವವರು, ಸುಶ್ರುತನು ಹಲ್ಲುಗಳನ್ನೂ ಎಳೆಮೂಳೆಗಳನ್ನೂ ಅಸ್ಥಿಗಳ ಜಾತಿಯಲ್ಲಿಯೇ ಸೇರಿಸಿದ್ದಾನೆಂಬುದನ್ನೂ ಚರಕನು ಉಗುರುಗಳನ್ನು ಸಹ ಬಿಡಲಿಲ್ಲವೆಂಬುದನ್ನೂ ಮರೆಯುತ್ತಾರೆ. ಯಾವುದನ್ನು ಮೂಳೆಯೆಂದು ಕರೆಯಬೇಕೆಂಬುದು ಗೊತ್ತಾಗದೆ ಮೂಳೆಗಳನ್ನು ಎಣಿಸಲು ಬರುವುದಿಲ್ಲ. ಪರಿಭಾಷೆಗೆ ಸಲ್ಲಬೇಕಾದ ಮರ್ಯಾದೆ ಇಲ್ಲಿದೆ.

ಮುಂದೆ 1836ರಲ್ಲಿ ಕಲಕತ್ತೆಯ ವೈದ್ಯಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವಚ್ಛೇದನಕ್ಕಾಗಿ ಮತ್ತೆ ಶಸ್ತ್ರವನ್ನು ಹಿಡಿದ ಮೇಲೆ, ಕಂಡುದಕ್ಕೆ ಹೆಸರನ್ನು ಹುಡುಕಬೇಕಾದ ವಿಪರೀತಸ್ಥಿತಿ ಬಂದಿತು. 1913ರ ಸುಮಾರಿಗೆ ಗಣನಾಥ ಸೇನರು ‘ಪ್ರತ್ಯಕ್ಷಶಾರೀರ’ವನ್ನು ಸಂಸ್ಕೃತದಲ್ಲಿ ಬರೆದು, ಹಳೆಯ ನಾಮಗಳಲ್ಲಿ ನಿಶ್ಚಯವಾದುವನ್ನು ಉಳಿಸಿಕೊಂಡು ಉಳಿದುವಕ್ಕೆ ಹೊಸದನ್ನು ಕಟ್ಟಿದರು. ಕನ್ನಡದಲ್ಲಿಯೂ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಈ ಕೆಲಸ ಬಿಟ್ಟುಬಿಟ್ಟು ನಡೆದು ಬಂದಿದೆ, ಡಾ. ಡಿ. ಎಸ್. ಶಿವಪ್ಪನವರು ವೈದ್ಯಕ ಪದಗಳ ಹುಟ್ಟನ್ನೂ ರಚನೆಯನ್ನೂ ಕುರಿತೇ ಒಂದು ಗ್ರಂಥವನ್ನು ಕನ್ನಡಿಗರ ಕೈಗಿತ್ತರು.

ಪಶ್ಚಿಮದವರು ಮೊದಲಿನಿಂದಲೂ ಕಂಡೇ ಹೆಸರಿಟ್ಟರೆಂದು ಭಾವಿಸುವುದೂ ತಪ್ಪು. ಅವರ ಆದಿಗ್ರಂಥಗಳಲ್ಲಿ ‘ನ್ಯೂರಾನ್’ ಎಂದರೆ ಕಂಡರ, ಎಂದರೆ ಮಾಂಸವನ್ನು ಮೂಳೆಗೆ ಬಿಗಿಯುವ ಹುರಿ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸನು ಶವಚ್ಛೇದನ ಮಾಡಿ, ಮಿದುಳಿನಿಂದಲೂ ಬೆನ್ನುಹುರಿಯಿಂದಲೂ ಹೊರಡುವ ತಂತುಗಳು ಬೇರೆ, ಕಂಡರಗಳು ಬೇರೆ ಎಂದು ಕಂಡ ಮೇಲೆಯೇ ಆ ಹಳೆಯ ಶಬ್ದಕ್ಕೆ ಹೊಸ ಅರ್ಥ ನೆಲೆಗೊಂಡಿತು. ಧಮನಿಗೆ ಅವರಿಟ್ಟ ಹೆಸರು ಅದರಲ್ಲಿ ಗಾಳಿ ಹರಿಯುವುದೆಂಬ ಭ್ರಾಂತಿಯ ಕಾಲದ್ದು. ಅದರೊಳಗಿರುವುದು ರಕ್ತವೆಂದು ಗೇಲನ್ ತೋರಿಸಿದ ಮೇಲೂ ಹೆಸರು ಬದಲಾಗಲಿಲ್ಲ. ಹೃದಯದ ಕವಾಟಗಳ ಕಥೆಯಂತೂ ನಮ್ಮ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತದೆ. ಆ ಕವಾಟಗಳು ಅಲೆಕ್ಸಾಂಡ್ರಿಯದವರಿಗೇ ಗೊತ್ತಿದ್ದುವು. 1543ರಲ್ಲಿ ವೆಸೇಲಿಯಸನು ತನ್ನ ಮಹಾಗ್ರಂಥದಲ್ಲಿ ಅವುಗಳ ಆಕಾರವನ್ನು ವರ್ಣಿಸಿ, ಎಡಗಡೆಯದನ್ನು ಬಿಷಪ್ಪರ ಕಿರೀಟಕ್ಕೆ ಹೋಲಿಸಿದನು, ಇಂದಿಗೂ ಅದು ಮೈಟ್ರಲ್ ಕವಾಟವೇ. ಇಷ್ಟೆಲ್ಲ ಹೆಸರುಗಳು ಕೈಯಲ್ಲಿದ್ದರೂ, ರಕ್ತವು ಒಂದೇ ಸುತ್ತಿನಲ್ಲಿ ಹೊರಟು ಹಿಂದಿರುಗುವುದೆಂಬ ಸಂಗತಿಯನ್ನು ಹಾರ್ವೆ ಪ್ರಕಟಿಸಿದುದು 1628ರಲ್ಲಿ. ಬಾಗಿಲುಗಳ ಹೆಸರುಗಳನ್ನೆಲ್ಲ ಬಲ್ಲವರು ಎಂಬತ್ತೈದು ವರ್ಷ ಮನೆಯೊಳಗಿನ ಓಡಾಟವನ್ನು ಅರಿಯದೆ ಇದ್ದರು. ರಚನೆಯ ಶಾಸ್ತ್ರಕ್ಕೆ ಪರಿಭಾಷೆಯಿಂದ ದೊರೆಯುವ ನೆರವು ಕ್ರಿಯೆಯ ಶಾಸ್ತ್ರಕ್ಕೆ ಅದೇ ಪ್ರಮಾಣದಲ್ಲಿ ದೊರೆಯುವುದಿಲ್ಲವೆಂದು ನಾನು ನಂಬುವುದು ಇದರಿಂದಲೇ.

ಅಲ್ಲಿಯ ವಿದ್ಯಾರ್ಥಿಗಳ ಹೊರೆಯೂ ಸಾಮಾನ್ಯವಾಗಿರಲಿಲ್ಲ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಸುಮಾರು 5,000 ಅವಯವಭಾಗಗಳಿಗೆ ದೇಶದೇಶಗಳ ಪಂಡಿತರು ಕೂಡಿ ಸುಮಾರು 50,000 ಹೆಸರುಗಳನ್ನು ಇಟ್ಟುಬಿಟ್ಟಿದ್ದರು. 1895ರಲ್ಲಿ ಬಾಸೆಲ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞರು ಸೇರಿ, ಒಂದು ವಸ್ತುವಿಗೆ ಒಂದೇ ಹೆಸರೆಂಬ ನಿಯಮಕ್ಕೆ ಅದನ್ನು ಇಳಿಸಬೇಕಾಯಿತು. ಇಂದು ನಮ್ಮ ಹುಡುಗಿಯರು ಬೈಯುತ್ತ ಬಾಯಿಪಾಠ ಮಾಡುವ ಪಟ್ಟಿಯು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಪಟ್ಟಿಯೆಂಬುದು ಅವರಿಗೆ ಸಮಾಧಾನವನ್ನು ಕೊಡಲಾರದೇನೋ.

ಇನ್ನು ಶುಶ್ರೂಷೆಯ ವಿಷಯ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ವೈದ್ಯ, ಔಷಧ, ರೋಗಿಗಳ ಜೊತೆಗೆ ಉಪಸ್ಥಾತೃವಿಗೂ, ಎಂದರೆ ಬಳಿಯಿದ್ದು ನೋಡಿಕೊಳ್ಳುವವನಿಗೂ, ಒಂದು ಪಾದದ ಸ್ಥಾನವನ್ನು ಕೊಟ್ಟಿದ್ದಾನೆ. ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ ಇವು ಅವನಿಗಿರಬೇಕಾದ ಗುಣಗಳು. ಶಾರೀರಜ್ಞಾನವನ್ನು ಅವನಿಂದ ಕೇಳಿಲ್ಲ. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಈ ನಾಲ್ಕು ಗುಣಗಳನ್ನೂ ಬಹುಮಟ್ಟಿಗೆ ಪಡೆದವರಾಗಿ, ಅದರ ಮೇಲೆ ಕೈಯ ಅರಿವನ್ನೂ ಸಂಪಾದಿಸಿದ್ದರು. ಬಸುರಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂಸು ತಲೆ ಕೆಳಗಾಗಿದೆಯೋ ಅಡ್ಡಲಾಗಿದೆಯೋ ಎಂದು ಹೇಳುವ, ಮಾಸು ಪೂರ್ತಿಯಾಗಿ ಬಿದ್ದಿತೋ ಇಲ್ಲವೋ ಎಂದು ಬಿಡಿಸಿ ನೋಡುವ, ಎಳೆಗೂಸಿನ ನೆತ್ತಿ ಕುಳಿಬಿದ್ದಿರುವುದನ್ನು ಕಂಡು ಅದರ ಮೈಯಲ್ಲಿ ನೀರಾರಿದೆಯೆಂದು ಊಹಿಸುವ ಆ ಹೆಂಗಸರ ವಿದ್ಯೆಯು ಮಾಸು, ಹೊಕ್ಕುಳಬಳ್ಳಿ, ನೆತ್ತಿಗಳೆಂಬ ನಾಲ್ಕಾರು ಕನ್ನಡದ ಮಾತುಗಳಲ್ಲಿಯೇ ಸುಖವಾಗಿ ಬಾಳಿತು. ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಕ್ಷರವನ್ನು ಕಲಿಯದೆಯೇ 15,000ಕ್ಕೂ ಮೀರಿದ ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದುದನ್ನು ಎಲ್ಲರೂ ಬಲ್ಲರು. ಅಂಥವರ ಸಾಮರ್ಥ್ಯಕ್ಕೆ ಕೊರತೆ ಬಂದುದು ತೊಡಕಿನ ಹೆರಿಗೆಗಳಲ್ಲಿ. ತಾವು ಕೈಯಿಂದ ಅರಿತುದನ್ನು ದೂರದ ಆಸ್ಪತ್ರೆಯ ವೈದ್ಯನಿಗೆ ಅವನ ಭಾಷೆಯಲ್ಲಿ ತಿಳಿಸುವ ಉಪಾಯ ಅವರಿಗಿರಲಿಲ್ಲ.

ಯೂರೋಪಿನಲ್ಲಿಯೂ ದಾದಿಗೆ ಶಾರೀರವನ್ನು ಕಲಿಸುವ ಯೋಚನೆ ತಡವಾಗಿಯೇ ಬಂದಿತು. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಶಾಲೆಯಲ್ಲಿ ವಿದ್ಯೆಯ ತಿರುಳೆಲ್ಲ ವಾರ್ಡಿನ ಹಾಸಿಗೆಗಳ ನಡುವಣ ಕೆಲಸದಲ್ಲಿಯೇ ಇದ್ದಿತು. ವಾರ್ಡಿಗೆ ಕಾಲಿಡುವ ಮೊದಲೇ ಅಂಗರಚನೆಯನ್ನೂ ಅಂಗಕ್ರಿಯೆಯನ್ನೂ ಕ್ರಮವಾಗಿ ಪಾಠ ಹೇಳಬೇಕೆಂದು ನಿಶ್ಚಯಿಸಿ, 1893ರಲ್ಲಿ ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿಯಲ್ಲಿ ಅಂಥ ಪೂರ್ವಶಿಕ್ಷಣವನ್ನು ಏರ್ಪಡಿಸಿದವರು ರೆಬೆಕ್ಕಾ ಸ್ಟ್ರಾಂಗ್ ಎಂಬ ಮೇಟ್ರನ್ನರು. ನಮ್ಮ ಮೈಸೂರಿಗೆ ಈ ವಿದ್ಯೆ ಮಿಷನ್ನುಗಳ ಮೂಲಕವೂ ಸಂಸ್ಥಾನದ ಆಸ್ಪತ್ರೆಗಳ ಮೂಲಕವೂ ಬಂದಿತು. 1906ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯೆನಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣ ಬೆಳೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈದ್ಯಕಾಲೇಜು 1930ರಲ್ಲಿ ಮೈಸೂರಿಗೆ ಬಂದು ದೊಡ್ಡಾಸ್ಪತ್ರೆಯೊಡನೆ ಕೂಡಿಕೊಂಡಿತು. ಚಾಮರಾಜನಗರದ ಕಡೆಯ ರೋಗಿಗಳು ಆಗ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ನಂಜನಗೂಡನ್ನು ದಾಟಿ ಹೋಗಬೇಕಾಗಿದ್ದುದು ಅಲ್ಲಿಗೇ. 1947ರ ಶಾಸನದಿಂದ ಭಾರತೀಯ ಶುಶ್ರೂಷಾ ಪರಿಷತ್ತು ಏರ್ಪಟ್ಟು ಪಾಠಕ್ರಮಕ್ಕೆ ದೇಶದಲ್ಲೆಲ್ಲ ಒಂದು ಅಚ್ಚು ಬಂದಿತು. 1981ರಲ್ಲಿ ಡಾ. ಎಚ್. ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು, ಕಾಲಕ್ರಮದಲ್ಲಿ, ಸೋಲಿಗರೇ ಮೊದಲಾದ ಬುಡಕಟ್ಟಿನ ಹೆಣ್ಣುಮಕ್ಕಳನ್ನು ಸಹಾಯಕ ದಾದಿಯರನ್ನಾಗಿ ತರಬೇತುಗೊಳಿಸಿತು. 2016ರಲ್ಲಿ ಚಾಮರಾಜನಗರಕ್ಕೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದಿತು.

ಹೀಗೆ ಮನೆಯ ಹತ್ತಿರಕ್ಕೆ ಬಂದ ವಿದ್ಯೆಯನ್ನು ಕಲಿಯುವವರು ಯಾರು? ಸಾಮಾನ್ಯ ಶುಶ್ರೂಷಾ ತರಬೇತಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂಬ ನಿರ್ಬಂಧವಿಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ಓದಿ ಬಂದವರೂ ಸೇರಬಹುದು. ಅಂಥವಳಿಗೆ ಹ್ಯೂಮರಸ್, ಫೀಮರ್, ಟಿಬಿಯಾಗಳ ಪಟ್ಟಿ ಮೊದಲ ವಾರದಲ್ಲಿ ಹೇಗೆ ಕಾಣುವುದೆಂಬುದನ್ನು, ಕೂಲಿಮಠದಲ್ಲಿ ಅಮರವನ್ನು ಕೇಳಿದ ಹುಡುಗನನ್ನು ನೆನೆದರೆ ಊಹಿಸಬಹುದು. ಆದರೆ ಅವಳು ಬರಿಗೈಯಲ್ಲಿ ಬಂದವಳಲ್ಲ. ಇಂಗ್ಲಿಷಿನವರು ಮೂತ್ರಪಿಂಡಕ್ಕೆ ಮನೆಮಾತಿನ ಹೆಸರೊಂದನ್ನಿಟ್ಟು, ಅದಕ್ಕೆ ಸಂಬಂಧಿಸಿದುದನ್ನು ಲ್ಯಾಟಿನ್ನಿನಿಂದ ರೀನಲ್ ಎಂದೂ, ಅದರ ಉರಿಯೂತವನ್ನು ಗ್ರೀಕಿನಿಂದ ನೆಫ್ರೈಟಿಸ್ ಎಂದೂ ಕರೆದುದು ಮೊದಲು ಕೇಳಿದವರಿಗೆ ಅಕ್ರಮವೆಂದು ತೋರುತ್ತದೆ. ಕನ್ನಡತಿಗಾದರೋ ಈ ಅಭ್ಯಾಸ ತೊಟ್ಟಿಲಿನಿಂದಲೇ ಬಂದುದು. ಅವಳ ಕಣ್ಣು ಆಸ್ಪತ್ರೆಯ ಬಾಗಿಲಲ್ಲಿ ನೇತ್ರವಾಗುತ್ತದೆ, ಹಲ್ಲು ದಂತವಾಗುತ್ತದೆ; ವಸ್ತುವಿಗೆ ದೇಸಿ, ಶಾಸ್ತ್ರಕ್ಕೆ ಸಂಸ್ಕೃತ ಎಂಬ ಎರಡು ಪಾತಳಿಗಳ ಮೇಲೆ ಅವಳು ಆಗಲೇ ನಡೆದಾಡುತ್ತಿದ್ದಾಳೆ. ಈ ಸಾಮ್ಯವನ್ನು ತೋರಿಸಿಕೊಟ್ಟ ಅಧ್ಯಾಪಕನಿಗೆ ಅರ್ಧ ಕೆಲಸ ಮುಗಿಯಿತೆಂದೇ ನನ್ನ ಅಭಿಪ್ರಾಯ.

ಪರಿಭಾಷೆಯ ಪಾಠವನ್ನು ಹೀಗಳೆಯುವವರೊಡನೆ ನಾನು ಸೇರಲಾರೆ. ರಕ್ತದ ಸಕ್ಕರೆ ಕುಸಿದಿರುವುದಕ್ಕೆ ಹೈಪೋಗ್ಲೈಸೀಮಿಯ, ಏರಿರುವುದಕ್ಕೆ ಹೈಪರ್‌ಗ್ಲೈಸೀಮಿಯ. ಫೋನಿನಲ್ಲಿ ಒಂದು ಅಕ್ಷರ ತಪ್ಪಿ ಕೇಳಿದರೆ ಸಕ್ಕರೆ ಕೊಡಬೇಕಾದವನಿಗೆ ಇನ್ಸುಲಿನ್ ಬೀಳುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವೂ ಸೊಂಟದ ಮೂಳೆಯ ಭಾಗವೂ ಇಂಗ್ಲಿಷಿನಲ್ಲಿ ಒಂದಕ್ಷರದ ವ್ಯತ್ಯಾಸದಿಂದ ಬೇರೆಯಾಗಿದ್ದರೂ, ಕೇಳುವಾಗಲೂ ಕನ್ನಡ ಲಿಪಿಯಲ್ಲಿ ಬರೆಯುವಾಗಲೂ ಎರಡೂ ಇಲಿಯಮ್ಮೇ. ನಮ್ಮ ಪರಿಭಾಷಾಕಾರರೂ ಕಡಮೆಯವರಲ್ಲ. ಹೃದಯದಿಂದ ರಕ್ತ ಒಯ್ಯುವುದಕ್ಕೆ ಅಪಧಮನಿಯೆಂದೂ ಹೃದಯಕ್ಕೆ ತರುವುದಕ್ಕೆ ಅಭಿಧಮನಿಯೆಂದೂ ಹೆಸರಿಟ್ಟು ಪರೀಕ್ಷೆಯ ಕೋಣೆಯಲ್ಲಿ ಎಷ್ಟು ಮಕ್ಕಳನ್ನು ಅಳಿಸಿದರೋ! ಇಂಥ ಎಡೆಗಳಲ್ಲಿ ಉಪಸರ್ಗಪ್ರತ್ಯಯಗಳ ಅರ್ಥವನ್ನು ಬಿಡಿಸಿ ತಿಳಿದವಳು ತಿಳಿಯದವಳಿಗಿಂತ ಸುರಕ್ಷಿತಳು.

ಆದರೆ ಕ್ರಿಯೆಯ ಪಾಠದಲ್ಲಿ ಹೆಸರು ಬಹುದೂರ ಕೈಹಿಡಿದು ನಡಸಲಾರದು, ಕೆಲವು ವೇಳೆ ದಾರಿ ತಪ್ಪಿಸುವುದೂ ಉಂಟು. ಮೂತ್ರಪಿಂಡಕ್ಕೆ ಕನ್ನಡದಲ್ಲಿರುವ ಮೂತ್ರಜನಕಾಂಗವೆಂಬ ಇನ್ನೊಂದು ಹೆಸರು ಅವಯವದ ಕೆಲಸವನ್ನೇ ಸಾರುವಂತಿದೆ. ಅದನ್ನು ನಂಬಿದವಳು ಆ ಅಂಗವು ಮೂತ್ರವನ್ನು ಹುಟ್ಟಿಸುತ್ತ ಕುಳಿತಿದೆಯೆಂದು ಭಾವಿಸುತ್ತಾಳೆ. ಅದು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ ತೆಗೆದು, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದುದನ್ನೆಲ್ಲ ಮರಳಿ ರಕ್ತಕ್ಕೇ ಸೇರಿಸುತ್ತದೆಂಬ ಸಂಗತಿಯು ಆ ಹೆಸರಿನಲ್ಲಾಗಲಿ ನೆಫ್ರಾನೆಂಬ ಗ್ರೀಕ್ ಹೆಸರಿನಲ್ಲಾಗಲಿ ಇಲ್ಲ.

ಪರಿಷತ್ತಿನ ಪಾಠಕ್ರಮವು ಪರಿಭಾಷೆಯನ್ನು ಪ್ರತ್ಯೇಕ ವಿಷಯವನ್ನಾಗಿ ಮಾಡದೆ ಅಂಗರಚನೆಯ ಮೊದಲನೆಯ ಘಟಕವನ್ನಾಗಿ ಇರಿಸಿರುವುದು, ಆದಕಾರಣ, ನನಗೆ ಉಚಿತವೆಂದೇ ತೋರುತ್ತದೆ. ಪ್ರಾಕ್ಸಿಮಲ್, ಡಿಸ್ಟಲ್, ಮೀಡಿಯಲ್, ಲ್ಯಾಟರಲ್ ಎಂಬ ದಿಕ್ಸೂಚಕ ಶಬ್ದಗಳಿಗೆ, ಅಂಗೈಯನ್ನು ಮುಂದಕ್ಕೆ ತಿರುಗಿಸಿ ನೆಟ್ಟಗೆ ನಿಂತ ಒಂದು ಭಂಗಿಯನ್ನು ಒಪ್ಪಿಕೊಂಡ ಹೊರತು ಅರ್ಥವೇ ಇಲ್ಲ. ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿ, ಹೆಬ್ಬೆರಳು ಹೊರಮಗ್ಗುಲಿಗೆ ಬಂದುದನ್ನು ಅವರೇ ಕಾಣುವಂತೆ ಮಾಡಿದ ಅಧ್ಯಾಪಕಿಯು ಆ ಘಟಕವನ್ನು ಸರಿಯಾಗಿ ಬೋಧಿಸಿದಳು. ಪುಟದ ಮೇಲಿನ ಪಟ್ಟಿಯನ್ನು ಬರೆಸಿ, ಮೂಳೆಗಳನ್ನು ಬೀರುವಿನಲ್ಲಿಯೇ ಬೀಗಹಾಕಿಟ್ಟವಳು ಕೂಲಿಮಠವನ್ನೇ ಇಂಗ್ಲಿಷಿನಲ್ಲಿ ನಡಸಿದಳು. ಹಾಗೆ ನಡಸುವ ಶಾಲೆಗಳು ನಮ್ಮಲ್ಲಿ ಇಲ್ಲವೆನ್ನಲಾರೆ.

ಎರಡು ವಿದ್ಯೆಗಳೂ ಪರೀಕ್ಷೆಗೆ ಬರುವುದು ವಾರ್ಡಿನಲ್ಲಿ. ನಮ್ಮ ಸೀಮೆಯ ಮುದುಕಿಯೊಬ್ಬಳು ಬಂದು ‘ನರ ಹಿಡ್ಕಂಡದ ಕನವ್ವ’ ಎನ್ನುತ್ತಾಳೆ. ಜನರ ಮಾತಿನಲ್ಲಿ ಸೂಜಿಯ ಔಷಧವನ್ನು ಏರಿಸುವ ರಕ್ತನಾಳವೂ ನರವೇ, ಹಿಮ್ಮಡಿಯ ಮೇಲೆ ಎಳೆಯುವ ಕಂಡರವೂ ನರವೇ, ಸೊಂಟದಿಂದ ಕಾಲಿಗೆ ಮಿಂಚಿನಂತೆ ಇಳಿಯುವ ನೋವನ್ನು ಒಯ್ಯುವ ತಂತುವೂ ನರವೇ. ಅಲೆಕ್ಸಾಂಡ್ರಿಯಕ್ಕೆ ಹಿಂದಿನ ಗ್ರೀಕರಂತೆ ಅವಳೂ ಇವನ್ನು ಬೇರೆ ಮಾಡಿಲ್ಲ. ‘ಎಲ್ಲಿ ತೋರ್ಸಜ್ಜಿ’ ಎಂದು ಕೇಳಿ, ಅವಳು ಬೆರಳಿಟ್ಟ ಎಡೆಯನ್ನು ಮುಟ್ಟಿ, ಪಾದವನ್ನು ಮಡಿಸಿ ನೋಡಿ, ಇದು ಮೂರರಲ್ಲಿ ಯಾವುದೆಂದು ಊಹಿಸುವುದಕ್ಕೆ ದಾದಿಗೆ ಬೇಕಾದುದು ಕಾಲಿನ ರಚನೆಯನ್ನು ಕಣ್ಣಾರ ಕಂಡಿರುವ ನೆನಪು. ಅದನ್ನು ಕೇಸ್ ಷೀಟಿನಲ್ಲಿ, ರಾತ್ರಿಯ ಡ್ಯೂಟಿಗೆ ಬರುವ ವೈದ್ಯನು ಮುದುಕಿಯನ್ನು ಎಬ್ಬಿಸದೆಯೇ ತಿಳಿಯುವಂತೆ, ಯಾವ ಕಾಲು, ಹಿಂಭಾಗವೋ ಮುಂಭಾಗವೋ, ಮೊಣಕಾಲಿಗೆ ಸಮೀಪವೋ ಹರಡಿಗೆ ಸಮೀಪವೋ ಎಂದು ಎರಡು ಸಾಲಿನಲ್ಲಿ ಬರೆಯುವುದಕ್ಕೆ ಬೇಕಾದುದು ಆ ಮೊದಲನೆಯ ಘಟಕದ ಶಬ್ದಗಳು. ಬೆಳಗ್ಗೆ ಎದ್ದ ಮುದುಕಿಗೆ ಅವಳ ರೋಗವನ್ನು ವಿವರಿಸುವಾಗ ಮಾತ್ರ ದಾದಿ ಮತ್ತೆ ನರವೆಂಬ ಮಾತಿಗೇ ಹಿಂದಿರುಗಬೇಕಾಗುತ್ತದೆ.